ಗಂಜಿ ಕುಡಿದ ಚಿಪ್

ಆ ಚಿಪ್ ನನ್ನ ಮೇಜಿಗೆ ಬಂದದ್ದು ಕುಂಕುಮದ ಖಾಲಿ ಡಬ್ಬಿಯಲ್ಲಿ, ಹತ್ತಿಯ ಮೇಲೆ ಮಲಗಿಕೊಂಡು. ತಂದವರು ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ನೇಕಾರ ಹೆಂಗಸು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲಲ್ಲೇ ನಿಂತು ಹೇಳಿದರು:

"ಗಂಗಾವತಿ ಸಾಹೇಬ್ರು ಕಳಿಸ್ಯಾರ್ರಿ. ನನ್ನ ಕೈಲೆ ಆಗಂಗಿಲ್ಲ, ಆದ್ರ ಕೊಪ್ಪಳದ ಅಕ್ಕಾರ ಕೈಲೇ ಆಗಬೇಕು ಅಂದ್ರು."

ಕೇಳಿದವರಿಗೆ ಇದು ಹೊಗಳಿಕೆ. ನನಗೆ ಕೇಳಿಸಿದ್ದು ಒಂದೇ: ಇವರು ಮೊದಲು ಗಂಗಾವತಿಗೆ ಹೋಗಿದ್ದಾರೆ. ಎಲ್ಲರೂ ಮೊದಲು ಗಂಗಾವತಿಗೇ ಹೋಗುತ್ತಾರೆ. ಅಲ್ಲಿ ಉಂಡು ಬಿಟ್ಟ ಎಲೆ ನನ್ನ ಹತ್ತಿರ ಬರುತ್ತದೆ.

ಗಂಗಾವತಿಯವನು ಕಾಲೇಜಿನಲ್ಲಿ ನನಗಿಂತ ಚಿಕ್ಕ ವರ್ಗದಲ್ಲಿದ್ದ. ಬಿಸಿಗಾಳಿಯ ಗನ್ ಹಿಡಿದು ಬೋರ್ಡಿನಿಂದ ಚಿಪ್ ಎತ್ತುವುದನ್ನು ಅವನಿಗೆ ಮೊದಲು ಕಲಿಸಿದವಳು ನಾನು. ಅವನು ವಿಷಯಗಳನ್ನು ಬಾಕಿ ಉಳಿಸಿಕೊಂಡು ಕಾಲೇಜು ಬಿಟ್ಟ. ನಾನು ಪಾಸಾದೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಅವ್ವ ಕುಣಿಮಗ್ಗದೊಳಗೆ ಕಾಲಿಟ್ಟುಕೊಂಡೇ ನನ್ನನ್ನು ಓದಿಸಿದಳು. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೇನೆ. ಅದರಲ್ಲಿ ನನಗೆ ಸಂಕೋಚವೇನಿಲ್ಲ.

ಆದರೆ ನನ್ನ ರಿಪೇರಿ ಅಂಗಡಿ ಇರುವುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಗಿರಣಿ ಶುರುವಾದರೆ ಮೇಜು ನಡುಗುತ್ತದೆ, ಜೋಳದ ಹಿಟ್ಟು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಕೂರುತ್ತದೆ. ಅವನದು ಗಾಜಿನ ಬಾಗಿಲು, ಎಸಿ, ಚಿಪ್ಪಿನ ಕಾಲುಗಳನ್ನು ಟಿವಿಯಷ್ಟು ದೊಡ್ಡ ಪರದೆಯಲ್ಲಿ ತೋರಿಸುವ ಸೂಕ್ಷ್ಮದರ್ಶಕ. ಕನಕಗಿರಿಯಲ್ಲಿ ಫೋನ್ ನೀರಿಗೆ ಬಿದ್ದರೂ ಅವನ ಹೆಸರು, ಯಲಬುರ್ಗಾದಲ್ಲಿ ಕ್ಯಾಮೆರಾ ಸತ್ತರೂ ಅವನ ಹೆಸರು. ನಾನು ಅವನ ವಿಡಿಯೊಗಳನ್ನು ಲೈಕ್ ಒತ್ತದೆ ನೋಡುತ್ತೇನೆ.

"ಏನಾಗಿತ್ರಿ ಇದಕ್ಕ?" ಎಂದು ಕೇಳಿದೆ.

"ಗಂಜಿ ಬಿತ್ರಿ."

ಅವರದು ಪವರ್‌ಲೂಮ್. ಸೀರೆಯ ದಡಿ, ಅಂದರೆ ಅಂಚು, ನೇಯಲು ಮಗ್ಗದ ಮೇಲೆ ಎಲೆಕ್ಟ್ರಾನಿಕ್ ಜಕಾರ್ಡ್ ಇದೆ. ಯಾವ ಹೊಕ್ಕಿಗೆ ಯಾವ ಎಳೆ ಏಳಬೇಕು ಎಂದು ಅದಕ್ಕೆ ಹೇಳುವುದು ಒಂದು ಕಂಟ್ರೋಲರ್ ಡಬ್ಬಿ. ನೂಲಿಗೆ ಹಾಕಲು ಕಾಯಿಸಿದ ಗಂಜಿಯ ಗಡಿಗೆ ಸೊಸೆಯ ಕೈ ಜಾರಿ ಆ ಡಬ್ಬಿಯ ಮೇಲೆ ಮಗುಚಿತ್ತು.

"ಆಮ್ಯಾಲ?"

"ಆಮ್ಯಾಲೇನ್ರಿ, ತೊಳದ್ವಿ."

"ತೊಳದ್ರಾ!"

"ಗಂಜಿ ಬಿದ್ರ ತೊಳೀಲಾರದ ಏನ್ ಮಾಡ್ತಾರ್ರಿ? ಒಳಗಿನ ಪ್ಲೇಟ್ ತಗದು ತೊಳದು, ಮಾಳಗಿ ಮ್ಯಾಲ ತಗಡಿಗೆ ಒಣಾಹಾಕಿದ್ವಿ. ಹಪ್ಪಳದ ಬಾಜೂಕ."

"ಎಷ್ಟೊತ್ತು?"

"ಹಪ್ಪಳ ಒಣಗೂ ತನಕ."

ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮೇಲೆ ಹಪ್ಪಳ ಒಣಗುವುದಲ್ಲ, ಬೇಯುತ್ತದೆ. ಉಳಿದ ಗಂಜಿಗೆ ಇರುವೆ ಮುತ್ತಿತ್ತಂತೆ. ಇರುವೆ ಕೊಡವಿ ಗಂಗಾವತಿಗೆ ಒಯ್ದಿದ್ದರು. ಅವನು ಬೋರ್ಡ್ ಸತ್ತಿದೆ ಎಂದು ಚಿಪ್ ಎತ್ತಿ, ಒಮ್ಮೆ ಓದಿ ನೋಡಿ, ಬರೀ ಕಸ ಬಂತೆಂದು ಕೈಬಿಟ್ಟಿದ್ದ.

"ದಡಿ ಫೈಲ್ ಪೆನ್‌ಡ್ರೈವ್‌ದಾಗ ಇತ್ತಲ್ರಿ?"

"ಅದರಾಗ ಮನ್ಯಾಗಿನ ಹುಡುಗ್ರು ಡಿಜೆ ಹಾಡ ತುಂಬ್ಯಾರ್ರಿ. ಹಳೇದೆಲ್ಲಾ ಒರಿಸ್ಯಾರ."

ಆಮೇಲೆ ಚೀಲದಿಂದ ಒಂದು ಸೀರೆ ತೆಗೆದು ಅಂಚನ್ನಷ್ಟೇ ಬಿಚ್ಚಿ ತೋರಿಸಿದರು. ಕೆಂಪು ದಡಿಯಲ್ಲಿ ಸಾಲಾಗಿ ಗೋಪುರಗಳು. ಪ್ರತಿ ಗೋಪುರಕ್ಕೂ ಎರಡು ಅಂತಸ್ತು, ತುದಿಗೆ ಕಳಸ, ಕಳಸದ ಎರಡೂ ಬದಿ ಗಿಣಿ. ಸೆರಗು ಹತ್ತಿರವಾದಂತೆ ಗೋಪುರಗಳು ದೊಡ್ಡದಾಗಿ, ಕೊನೆಯದು ಕಮಾನಾಗುತ್ತಿತ್ತು. ನಾನು ಮಗ್ಗದ ಮನೆಯವಳು. ಮೈ ಜುಮ್ಮೆಂದಿತು. ನಮ್ಮವ್ವನಿಗೆ ಇಂಥದ್ದು ಯಾಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಚುಚ್ಚಿತು.

"ನಮ್ಮತ್ತಿ ಕಟ್ಟಿದ ದಡಿ. ಸಂತ್ಯಾಗ ಇದನ್ನ ನೋಡಿ ಇಂಥಾ ಮನೀದು ಅಂತ ಗುರುತ ಹಿಡೀತಾರ. ಮೊದಲ ಜಕಾರ್ಡಿನ ರಟ್ಟಿನ ಹಾಳ್ಯಾಗ ತೂತ ಹೊಡದಿದ್ಲು, ಸಾಯೂಕಿಂತ ಮುಂಚೆ ಮುಂದ ಕುಂತು ಕಂಪ್ಯೂಟರ್‌ಗೆ ಹಾಕಿಸಿದ್ಲು."

"ಈ ಸೀರಿ ನೋಡಿ ಯಾರರ ಮತ್ತ ಫೈಲ್ ಮಾಡಿಕೊಡ್ತಾರಲ್ರಿ, ಯಕ್ಕಾ."

"ನೂಲು ಕೊಟ್ಟು ಸೀರಿ ಒಯ್ಯೂ ಸಾವಕಾರನೂ ಅದನ್ನ ಅಂತಾನ್ರಿ. ಒಂದು ಮದವಿ ಆರ್ಡರ್ ಐತಿ, ಇದ ದಡಿ ಬೇಕಂತ. ಸೀರಿ ಕೊಡು, ನಮ್ಮ ಹುಡುಗನ ಕಡಿಂದ ತಗಸ್ತೀನಿ ಅಂತಾನ. ಸೀರಿ ಕೊಟ್ರ ಫೈಲ್ ಯಾರದಾತು? ಬರೂ ಶ್ರಾವಣಕ್ಕ ಊರಾಗಿನ ಎಲ್ಲಾ ಮಗ್ಗದಾಗೂ ನಮ್ಮತ್ತಿ ದಡಿ." ಸೀರೆಯನ್ನು ಮಡಚಿ ಚೀಲಕ್ಕೆ ತುರುಕಿದರು. "ಅಮಾಸಿ ತನಕ ತಡಿ ಅಂದೀನಿ. ಆಗಲಿಲ್ಲಂದ್ರ ಕೊಡಬೇಕಾಕ್ಕೈತಿ."

ಸೀರೆಯನ್ನು ನನ್ನ ಹತ್ತಿರವೂ ಬಿಟ್ಟುಹೋಗಲಿಲ್ಲ. ಫೋಟೊ ತೆಗೆಯುತ್ತೇನೆ ಅಂದೆ, ಬೇಡ ಅಂದರು.

ಫ್ಲ್ಯಾಶ್ ಮೆಮೊರಿ ಎಂದರೆ ಲೆಕ್ಕವಿಲ್ಲದಷ್ಟು ಸಣ್ಣ ಗೂಡುಗಳು. ಬರೆಯುವಾಗ ಕೆಲವು ಗೂಡುಗಳಲ್ಲಿ ವಿದ್ಯುತ್ ಕಣಗಳನ್ನು ತುಂಬುತ್ತಾರೆ, ಕೆಲವನ್ನು ಖಾಲಿ ಬಿಡುತ್ತಾರೆ. ಕರೆಂಟು ಹೋದರೂ ತುಂಬಿದ್ದು ಹಾಗೇ ಕೂತಿರುತ್ತದೆ. ಆದರೆ ಕಾಯಿಸಿದರೆ ಸೋರುತ್ತದೆ. ಹಪ್ಪಳದ ಪಕ್ಕದಲ್ಲಿ ಈ ಚಿಪ್ ಸೋರಿತ್ತು.

ಮೊದಲ ಕೆಲಸ, ಕಾಲು ತೊಳೆಯುವುದು. ಸೂಕ್ಷ್ಮದರ್ಶಕದ ಕೆಳಗೆ ಸ್ಪಿರಿಟ್ ಅದ್ದಿದ ಕುಂಚದಿಂದ ಒಂದೊಂದು ಕಾಲನ್ನೂ ಉಜ್ಜಿದೆ. ಅವನು ಚಿಪ್ ಎತ್ತಿದ್ದು ನೋಡಿದರೆ ಒಂದು ಕಾಲೂ ಬಾಗಿರಲಿಲ್ಲ, ಒಂದು ಕಡೆಯೂ ಸುಟ್ಟಿರಲಿಲ್ಲ. ತಪ್ಪು ಹುಡುಕಲೆಂದೇ ಮತ್ತೊಮ್ಮೆ ನೋಡಿದೆ. ಇರಲಿಲ್ಲ. ಮೈಯ ಅಡಿಯಲ್ಲಿ ಮಾತ್ರ ಗಂಜಿಯ ತೆಳುವಾದ ಪೊರೆ ಉಳಿದಿತ್ತು. ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು, ಆ ಹೊತ್ತಿಗೆ.

ಚಿಪ್ಪನ್ನು ರೀಡರ್‌ನ ಸಾಕೆಟ್ಟಿಗೆ ಕೂರಿಸಿ ಹೆಸರು ಕೇಳಿದೆ. ಅಂದರೆ ಚಿಪ್ಪಿಗೆ ನಿನ್ನ ಗುರುತಿನ ಸಂಖ್ಯೆ ಹೇಳು ಎನ್ನುವುದು. ಹೇಳಿತು. ಓದಿದೆ. ಕಸವೇ ಬಂತು. ಇನ್ನೊಮ್ಮೆ ಓದಿದೆ, ಬೇರೆ ಕಸ ಬಂತು. ಪ್ರತಿ ಪುಟದ ಕೊನೆಯಲ್ಲಿ ತಪ್ಪು ತಿದ್ದಿಕೊಳ್ಳಲು ಒಂದಿಷ್ಟು ಲೆಕ್ಕ ಬರೆದಿರುತ್ತದೆ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಅದು ಸರಿಮಾಡುತ್ತದೆ. ಇಲ್ಲಿ ತಪ್ಪುಗಳು ಮಿತಿ ಮೀರಿದ್ದವು. ಗಂಗಾವತಿಯವನು ಕೈಬಿಟ್ಟದ್ದು ಈ ಹಂತದಲ್ಲೇ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಬಹಳ ಚಿಪ್ ಕೆಡಿಸಿ ಕಲಿತದ್ದು, ಯಾರಿಗೂ ಹೇಳಿರಲಿಲ್ಲ. ಚಿಪ್ಪಿಗೆ ಕೊಡುವ ವೋಲ್ಟೇಜನ್ನು ಸ್ವಲ್ಪ ಸ್ವಲ್ಪ ಇಳಿಸುತ್ತ ಹೋದರೆ, ಅರೆಬರೆ ಸೋರಿದ ಗೂಡುಗಳು ಒಂದು ಹಂತದಲ್ಲಿ ಮತ್ತೆ ತುಂಬಿದ ಹಾಗೆ ಕಾಣುತ್ತವೆ. ಎಲ್ಲ ಚಿಪ್ಪೂ ಹಾಗೆ ಬಗ್ಗುವುದಿಲ್ಲ. ಬಗ್ಗುವ ಚಿಪ್ಪಿನಲ್ಲೂ ಆ ಹಂತ ಕೂದಲೆಳೆಯಷ್ಟು ಸಣ್ಣದು. ಇನ್ನಷ್ಟು ಇಳಿಸಿದರೆ ಚಿಪ್ ಮಾತೇ ಆಡುವುದಿಲ್ಲ. ಅಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಓದಿ, ಒಂದೊಂದು ಗೂಡಿಗೂ ಹೆಚ್ಚು ಸಲ ಯಾವ ಉತ್ತರ ಬಂದಿದೆಯೋ ಅದನ್ನು ಇಟ್ಟುಕೊಳ್ಳಬೇಕು. ಪಂಚಾಯ್ತಿ ಇದ್ದ ಹಾಗೆ.

ಗಿರಣಿ ನಿಂತಾಗಲೆಲ್ಲ ಓದಿದೆ. ಬಂದದ್ದನ್ನು ಚಿತ್ರವಾಗಿ ಹರಡಿದೆ: ತುಂಬಿದ ಗೂಡಿಗೆ ಕಪ್ಪು ಚುಕ್ಕೆ, ಖಾಲಿಗೆ ಬಿಳಿ. ಸಾಲಿನ ಉದ್ದವನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಂತೆ, ಒಂದು ಅಳತೆಯಲ್ಲಿ ಕಸವೆಲ್ಲ ಸರಕ್ಕನೆ ಸಾಲಾಗಿ ನಿಂತಿತು. ಗೋಪುರ! ಒಂದರ ಪಕ್ಕ ಒಂದು, ಸಿಡುಬು ಬಂದ ಮುಖದಂತೆ ಚುಕ್ಕೆ ಉದುರಿದ್ದವು, ಆದರೂ ಗೋಪುರವೇ. ಈ ಕಂಟ್ರೋಲರ್‌ನಲ್ಲಿ ತುಂಬಿದ ಗೂಡೆಂದರೆ ಎಳೆ ಮೇಲೆ, ಖಾಲಿ ಎಂದರೆ ಎಳೆ ಕೆಳಗೆ. ಹಾಸುಹೊಕ್ಕು ಕಣ್ಣ ಮುಂದೆ ಇತ್ತು. ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಒಂದು ವಿಚಿತ್ರವೂ ಕಂಡಿತು. ಒಂದೇ ಗೋಪುರ ಬರೆದು ಅದನ್ನೇ ಮತ್ತೆ ಮತ್ತೆ ತಿರುಗಿಸಿದ್ದರೆ ಸಾಕಿತ್ತು. ಎಲ್ಲರೂ ಮಾಡುವುದು ಹಾಗೆ. ಇಲ್ಲಿ ಇಡೀ ಸೀರೆಯ ಉದ್ದಕ್ಕೂ ಪ್ರತಿ ಗೋಪುರವನ್ನೂ ಬೇರೆಬೇರೆಯಾಗಿ ಬರೆಸಿದ್ದರು. ಓದು ಬರಹ ಇಲ್ಲದವರ ಕೆಲಸ ಎಂದುಕೊಂಡೆ. ನನಗೆ ಅನುಕೂಲವೇ ಆಯಿತು: ಒಂದು ಗೋಪುರದಲ್ಲಿ ಅಳಿಸಿಹೋದದ್ದನ್ನು ಪಕ್ಕದ್ದನ್ನು ನೋಡಿ ತುಂಬಬಹುದು.

ಇನ್ನು ಸೆರಗಿನ ಕಮಾನು ಬಾಕಿ ಇತ್ತು. ಗೋಪುರಗಳು ದೊಡ್ಡದಾಗುತ್ತ ಹೋದರೂ ರೂಪ ಒಂದೇ, ಕಮಾನು ಮಾತ್ರ ಒಂದೇ ಬಾರಿ ಬರುತ್ತದೆ. ನೋಡಿ ತುಂಬಲು ಅದಕ್ಕೆ ಜೊತೆಯಿಲ್ಲ. ಅದನ್ನು ಒಮ್ಮೆ ಓದಿ ಎರಡನೆಯ ಓದಿಗೆ ಹೋದಾಗ ರೀಡರ್ ನಿಂತಿತು. ಹೆಸರು ಕೇಳಿದೆ, ಚಿಪ್ ಹೇಳಲಿಲ್ಲ. ವೋಲ್ಟೇಜ್ ಏರಿಸಿದೆ, ಇಳಿಸಿದೆ. ಕಾಲು ಮತ್ತೆ ತೊಳೆದೆ, ಸಾಕೆಟ್ ಬದಲಿಸಿದೆ. ಇಲ್ಲ. ಗಂಜಿ ಕಾಲಿನ ಬುಡದಿಂದ ಒಳಗೆ ಇಳಿದು ಕೂದಲಿನಂಥ ತಂತಿಯನ್ನು ತಿಂದಿರಬೇಕು. ಚಿಪ್ ಸತ್ತಿತ್ತು.

ಕಮಾನಿನ ಒಂದೇ ಓದು ನನ್ನ ಕೈಯಲ್ಲಿತ್ತು. ಒಂದು ಸಾಕ್ಷಿಯ ಮೇಲೆ ಪಂಚಾಯ್ತಿ ನಡೆಯುವುದಿಲ್ಲ. ಇನ್ನೊಂದು ಸಾಕ್ಷಿ ಇದ್ದರೆ ಅದು ಗಂಗಾವತಿಯಲ್ಲಿ, ಅವನು ಮೊದಲು ಓದಿ ಕಸವೆಂದ ಓದಿನಲ್ಲಿ.

ಫೋನ್ ತೆಗೆದು ಅವನ ಹೆಸರು ಹುಡುಕಿ ಕೆಳಗಿಟ್ಟೆ. ಹಾಗೆ ಹಲವು ಬಾರಿ ಮಾಡಿದೆ. ಕೇಳಿದರೆ ಕೊಡುತ್ತಾನೆ, ಅದು ಗೊತ್ತು. ಆಮೇಲೆ ಊರೆಲ್ಲ ಏನೆನ್ನುತ್ತದೆ ಎನ್ನುವುದೂ ಗೊತ್ತು: ಗಂಗಾವತಿಯವನು ತೆಗೆದುಕೊಟ್ಟ. ಕಮಾನನ್ನು ನಾನೇ ಊಹೆಯಿಂದ ಬರೆದುಬಿಡಲೇ ಎಂದು ಯೋಚಿಸಿದೆ. ನೇಕಾರರ ಮಗಳು, ಚೆನ್ನಾಗಿಯೇ ಬರೆಯುತ್ತಿದ್ದೆ. ಆದರೆ ಅದು ಅವರ ಅತ್ತೆಯ ಕಮಾನಾಗುತ್ತಿರಲಿಲ್ಲ, ನನ್ನದಾಗುತ್ತಿತ್ತು. ಅಮಾವಾಸ್ಯೆ ಹತ್ತಿರವಿತ್ತು. ಬೆಳಗಿನ ಬಸ್ಸು ಹತ್ತಿದೆ.

ಗಿಣಿಗೇರಾದ ಕಾರ್ಖಾನೆಗಳ ಹೊಗೆ ದಾಟಿ ಗದ್ದೆಗಳು ಶುರುವಾದವು. ಕಾಲುವೆ ನೀರಿನ ಸೀಮೆಯವರಿಗೆ ಎಲ್ಲವೂ ಸಲೀಸು ಎಂದು ದಾರಿಯುದ್ದಕ್ಕೂ ಗದ್ದೆಗಳ ಮೇಲೂ ಸಿಟ್ಟು ಮಾಡಿಕೊಂಡೆ.

ಅವನ ಗಾಜಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಒಳಗೆ ಕಾಯುವವರಿಗೆ ಕುರ್ಚಿ ಸಾಲದೆ ಕೆಲವರು ನಿಂತಿದ್ದರು. ನನ್ನನ್ನು ಕಂಡೊಡನೆ ಕೈಯ ಕೆಲಸ ಬಿಟ್ಟು ಎದ್ದ.

"ಅರೆ ಅಕ್ಕಾರ! ಬರ್ರಿ, ಬರ್ರಿ. ಯಾರರ ಅಕ್ಕಾರಿಗೆ ಕುರ್ಚಿ ಬಿಡ್ರೆಪಾ. ಇವ್ರು ನನ್ನ ಉಸ್ತಾದ್, ಗನ್ ಹಿಡಿಯೂದು ಇವ್ರ ಕಲಿಸಿದ್ದು."

ಎಲ್ಲರೂ ನನ್ನತ್ತ ತಿರುಗಿದರು. ದೊಡ್ಡ ಮನಸ್ಸು ಸಹ ಇವನಿಗೇ ಇರಬೇಕೇ ಎಂದು ಮತ್ತೂ ಉರಿಯಿತು.

"ಬಾಗಲಕ್ಕ ನಿಂಬಿಹಣ್ಣು ಕಟ್ಟೀಯಲ್ಲ, ಯಾವ ಇಂಜಿನಿಯರಿಂಗ್‌ದಾಗ ಬರತೈತಿ ಇದು?" ಎಂದೆ.

"ಅಮ್ಮಿ ಕಟ್ಟಿಸ್ಯಾಳ್ರಿ, ನಜರ್ ಆಗಬಾರ್ದಂತ. ಗಂಗಾವತ್ಯಾಗ ಹೊಟ್ಟಿಕಿಚ್ಚಿನ ಮಂದಿ ಭಾಳ ಅದಾರ ಅಂತಾಳ."

"ಕೊಪ್ಪಳದಾಗೂ ಅದಾರ," ಎಂದೆ. ಅವನು ನಕ್ಕ. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

"ಆ ಗಂಜಿ ಚಿಪ್ ನೀ ಓದಿದ್ಯಲ್ಲ, ಅದನ್ನ ಅಳಿಸೀಯೇನಪಾ?"

"ಕಸಾ ಆದ್ರೂ ಓದಿದ್ದು ಅಳಿಸಬಾರ್ದು ಅಂತ ನೀವ ಹೇಳಿದ್ರಿ. ಐತ್ರಿ." ಮೌಸಿನ ಮೇಲೆ ಕೈಯಿಟ್ಟು ಹೇಳಿದ, "ಆದ್ರ ಒಂದು ಷರತ್ತು ಅಕ್ಕಾರ. ನೀವು ಹ್ಯಾಂಗ್ ತಗೀತೀರಿ ಅನ್ನೂದು ನಾ ಬಾಜೂಕ ಕುಂತು ನೋಡಬೇಕು."

ನನ್ನಲ್ಲಿ ಇದ್ದದ್ದು ಅದೊಂದೇ. ಅವನಿಗೆ ಅಂಗಡಿ ಇತ್ತು, ಹೆಸರಿತ್ತು, ಗಿರಾಕಿಗಳಿದ್ದರು. ವೋಲ್ಟೇಜ್ ಇಳಿಸುವ ಆ ಕೂದಲೆಳೆಯ ಹಂತ ಮಾತ್ರ ನನ್ನದಾಗಿತ್ತು. ಸೀರೆಯನ್ನು ಚೀಲಕ್ಕೆ ತುರುಕಿದ ಆ ಹೆಂಗಸು ನೆನಪಾದರು. ಸೀರೆ ಕೊಟ್ಟರೆ ದಡಿ ಹೋಯಿತು. ತೋರಿಸಿದರೆ ನನ್ನ ವಿದ್ಯೆ ಹೋಯಿತು. ಇಬ್ಬರಲ್ಲಿ ಒಬ್ಬರಾದರೂ ಬಿಟ್ಟುಕೊಡಲೇಬೇಕು. ಲ್ಯಾಪ್‌ಟಾಪ್ ತೆರೆದೆ.

"ಕುಂಡ್ರು," ಎಂದೆ. "ಬಾಯಿ ಮುಚ್ಚಿಕೊಂಡು ನೋಡು."

ವೋಲ್ಟೇಜ್ ಇಳಿಸುವುದರಿಂದ ಹಿಡಿದು ನಾನು ಹೇಳಿದ್ದನ್ನೆಲ್ಲ ಅವನು ಒಮ್ಮೆ ಕೇಳಿಯೇ ಹಿಡಿದುಕೊಂಡ. ಅದೂ ನನಗೆ ಸೇರಲಿಲ್ಲ. ಅವನ ದೊಡ್ಡ ಪರದೆಯ ಮೇಲೆ ನನ್ನ ಓದು, ಅವನ ಓದು ಅಕ್ಕಪಕ್ಕ ನಿಂತವು. ಕಮಾನಿಗೆ ಎಡ ಬಲ ಒಂದೇ ರೂಪ. ಹಾಗಾಗಿ ಅವನ ಎಡ, ಅವನ ಬಲ, ನನ್ನ ಎಡ, ನನ್ನ ಬಲ ಎಂದು ಸಾಕ್ಷಿಗಳು ಹೆಚ್ಚಾದವು. ಸೋರಿದ ಗೂಡು ಖಾಲಿ ಕಾಣಬಹುದು, ಆದ್ದರಿಂದ ನಾಲ್ಕರಲ್ಲಿ ಯಾವುದಾದರೂ ಒಂದು ತುಂಬಿದೆ ಎಂದರೆ ಆ ಗೂಡು ತುಂಬಿತ್ತೆಂದೇ ಹಿಡಿದೆವು. ಕಮಾನು ಎದ್ದು ಬಂತು. ಒಳಗಿನ ಬಳ್ಳಿಯ ಸುರುಳಿಯೂ ಬಂತು. ಕಾಯುತ್ತಿದ್ದವರು ಬೈಯುವುದನ್ನು ಬಿಟ್ಟು ಹಿಂದೆ ಬಂದು ನಿಂತರು. ಗೋಪುರಗಳನ್ನು ನಾನು ಆಗಲೇ ಕೊಪ್ಪಳದಲ್ಲಿ ತಿದ್ದಿ ಮುಗಿಸಿದ್ದೆ. ಎಲ್ಲ ಜೋಡಿಸಿ ಉಳಿಸಲು ಹೋದಾಗ ಅವನು ಪರದೆಗೆ ಬೆರಳಿಟ್ಟ.

"ಅಕ್ಕಾರ, ಇಲ್ಲಿ ಗಿಣಿ ಕೆಳಗ ನನ್ನ ಓದಿನ್ಯಾಗ ಒಂದು ಕರಿ ಚುಕ್ಕಿ ಐತಿ. ನಿಮ್ಮದ್ರಾಗ ಇಲ್ಲಲ್ಲ?"

"ಕೆಟ್ಟ ಗೂಡದು. ಉಳಿದ ಯಾವ ಗೋಪುರದಾಗೂ ಅಲ್ಲಿ ಚುಕ್ಕಿ ಇಲ್ಲ. ನಾನ ಅಳಿಸೀನಿ."

"ನಿಮ್ಮ ತಿದ್ದಲಾರದ ಓದಿನ್ಯಾಗ?"

ತೆರೆದು ತೋರಿಸಿದೆ. ಇತ್ತು. ನನ್ನ ಎಲ್ಲ ಓದಿನಲ್ಲೂ ಇತ್ತು.

"ಕೆಟ್ಟದ್ದಾದ್ರ ಎಲ್ಲಾದ್ರಾಗೂ ಹ್ಯಾಂಗ್ ಬಂತ್ರಿ?"

"ಮಗ್ಗದ್ದು ನಿನಗೇನ್ ಗೊತ್ತು? ಅದು ತಪ್ಪು ಎಳಿ. ಅಲ್ಲಿ ಎಳಿ ಎದ್ರ ಗಿಣಿ ಕಾಲು ಕೆಡತೈತಿ. ನಾ ಮಗ್ಗದ ಮನ್ಯಾಗ ಹುಟ್ಟೀನಿ," ಎಂದು ಜೋರಾಗಿಯೇ ಅಂದೆ. ಅವನು ಪರದೆಯಿಂದ ಬೆರಳು ತೆಗೆದ. ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತದೆ ನಿಂತೆ. ನನಗೇ ಹೊಳೆಯಿತು.

ಕಾದ ಚಿಪ್ ಸೋರುತ್ತದೆ. ತುಂಬಿದ ಕೊಡ ಬರಿದಾಗಬಹುದು, ಬರಿದಾದ ಕೊಡ ತಾನಾಗಿ ತುಂಬುವುದಿಲ್ಲ. ಈಗಷ್ಟೇ ಅದೇ ನಿಯಮದ ಮೇಲೆ ಕಮಾನನ್ನು ಎತ್ತಿದ್ದೆವು. ಉಳಿದೆಲ್ಲ ಗೋಪುರಗಳಲ್ಲಿ ಖಾಲಿ ಇರುವ ಜಾಗದಲ್ಲಿ ಇದೊಂದು ಗೂಡು ತುಂಬಿದೆ ಎಂದರೆ, ಬಿಸಿಲು ಅದನ್ನು ತುಂಬಿಲ್ಲ. ಯಾರೋ ಬೇಕೆಂದೇ ತುಂಬಿದ್ದಾರೆ. ಒಂದೇ ಗೋಪುರ ಬರೆದು ತಿರುಗಿಸದೆ ಇಡೀ ಸೀರೆಯನ್ನು ಬರೆಸಿದ್ದು ಯಾಕೆ ಎಂಬುದೂ ಆಗ ಅರ್ಥವಾಗತೊಡಗಿತು. ತಿರುಗಿಸಿದ್ದರೆ ಈ ಚುಕ್ಕೆ ಎಲ್ಲ ಗೋಪುರಗಳಲ್ಲೂ ಬರುತ್ತಿತ್ತು. ಅವರಿಗೆ ಅದು ಸೀರೆಗೆ ಒಂದೇ ಬೇಕಿತ್ತು.

ಅಲ್ಲಿಂದಲೇ ಫೋನ್ ಮಾಡಿದೆ.

"ಯಕ್ಕಾ, ನಿಮ್ಮ ದಡಿಯೊಳಗ ಎಲ್ಲೆರ ಒಂದು ಎಳಿ ತಪ್ಪಾಗಿ ಎದ್ದೈತೇನ್ರಿ?"

ಆಚೆ ಓಣಿಯ ಮಗ್ಗಗಳ ಸದ್ದಿನ ಮೇಲೆ ಅವರ ದನಿ ಏರಿತು. "ಯಾರು ಹೇಳಿದ್ರು ನಿಮಗ?"

"ಚಿಪ್ ಹೇಳ್ತು."

ಅವರು ನಕ್ಕುಬಿಟ್ಟರು. "ದೃಷ್ಟಿ ಬೊಟ್ಟು ತಂಗೀ ಅದು. ಸೆರಗಿನ ಕಡಿಂದ ಮೂರನೇ ಗೋಪುರ, ಗಿಣಿ ಕಾಲಾಗ. ಕೂಸಿನ ಗಲ್ಲಕ್ಕ ಕಾಡಿಗಿ ಹಚ್ಚಂಗಿಲ್ಲೇನು, ಹಂಗ. ನಮ್ಮತ್ತಿ ಅಂತಿದ್ಲು, ದಡಿ ಛಲೋ ಆದಷ್ಟು ನೋಡೋರ ಹೊಟ್ಟಿ ಉರೀತೈತಿ, ಉರಿ ಬೀಳಾಕ ಒಂದು ಜಾಗ ಬಿಡಬೇಕು ಅಂತ. ಅದನ್ನ ತಗದೀರೇನ್ ಮತ್ತ?"

"ಇಲ್ರಿ," ಎಂದೆ. "ಐತಿ."

ನಾನು ಅಳಿಸಿದ್ದ ಚುಕ್ಕೆಯನ್ನು ಮತ್ತೆ ಇಟ್ಟೆ. ಫೈಲನ್ನು ಅವನ ಕಂಪ್ಯೂಟರಿನಿಂದ ಅಳಿಸಿಸಿದೆ. ಓದಿದ್ದನ್ನು ಅಳಿಸಬಾರದು ಎಂಬ ನನ್ನದೇ ಪಾಠವನ್ನು ಅವತ್ತು ಪಕ್ಕಕ್ಕಿಟ್ಟೆ. ಅವನು ವಿಡಿಯೊ ಮಾಡಲೇ ಎಂದು ಕೇಳಿದ. ದಡಿ ಕಾಣಬಾರದು, ಚಿಪ್ ಮಾತ್ರ ತೋರಿಸು ಎಂದೆ.

ಅಮಾವಾಸ್ಯೆಯ ಹಿಂದಿನ ದಿನ ಅವರ ಹಳ್ಳಿಗೆ ಪೆನ್‌ಡ್ರೈವ್ ಒಯ್ದೆ. ಅವನೂ ಗಾಡಿಯಲ್ಲಿ ಬಂದಿದ್ದ, ಕರೆಯದೆ. ಮಗ್ಗದ ಮೇಸ್ತ್ರಿ ಹೊಸ ಕಂಟ್ರೋಲರ್ ಕೂರಿಸಿದ್ದರು. ಗಂಜಿಯ ಗಡಿಗೆಯನ್ನು ಅಂಗಳದ ಆಚೆ ಕೊನೆಗೆ ಗಡೀಪಾರು ಮಾಡಲಾಗಿತ್ತು. ಹೆಂಗಸು ಗುಂಡಿ ಒತ್ತಿದರು. ಮಗ್ಗ ಬಡಿಯತೊಡಗಿತು. ಕೆಂಪು ನೂಲಿನಲ್ಲಿ ಮೊದಲು ಕಮಾನು ಮೂಡಿತು, ಆಮೇಲೆ ದೊಡ್ಡ ಗೋಪುರ. ಓಣಿಯವರು ಕಿಟಕಿಯಲ್ಲಿ, ಬಾಗಿಲಲ್ಲಿ ಮುಖ ತೂರಿಸಿದರು.

"ಯಾರು ತಗದುಕೊಟ್ರವಾ?" ಎಂದು ಒಬ್ಬಾಕೆ ಕೇಳಿದಳು.

"ಗಂಗಾವತಿ ಸಾಹೇಬ್ರು, ಕೊಪ್ಪಳದ ಮೇಡಮ್ಮಾರು ಕೂಡಿ."

ಅವನ ಹೆಸರೇ ಮೊದಲು ಬಂತು. ಹಿಂದೆಯೇ ಓಣಿಯ ಹೆಂಗಸರು ಒಡೆದ ಫೋನು, ಸತ್ತ ಫೋನು ಹಿಡಿದುಕೊಂಡು ಅವನನ್ನು ಕಟ್ಟೆಯ ಮೇಲೆ ಕೂರಿಸಿ ಸುತ್ತುಗಟ್ಟಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. "ಅಕ್ಕಾರಿಗೆ ತೋರಸ್ರಿ, ಅವ್ರು ನನ್ನಕಿಂತ ಶಾಣ್ಯಾರು," ಎಂದು ಅವನು ಅಲ್ಲಿಂದ ಕೂಗುತ್ತಿದ್ದ. ಒಬ್ಬರೂ ತಿರುಗಿ ನೋಡಲಿಲ್ಲ.

ಮೂರನೆಯ ಗೋಪುರ ಮುಗಿದದ್ದೇ ಹೆಂಗಸು ಮಗ್ಗ ನಿಲ್ಲಿಸಿದರು. ಬಾಗಿ ದಡಿಯ ಮೇಲೆ ಬೆರಳಾಡಿಸಿದರು. ಗಿಣಿಯ ಕಾಲಿನ ಹತ್ತಿರ ಬೆರಳು ತಡೆಯಿತು.

"ಐತಿ," ಎಂದರು.

ನೆಟ್ಟಗಾಗಿ, ಕಿಟಕಿಯವರನ್ನು, ಬಾಗಿಲಿನವರನ್ನು, ಕೊನೆಗೆ ನನ್ನನ್ನೂ ನೋಡಿ ನಕ್ಕರು.

"ಈಗ ನೋಡ್ರಿ. ಎಷ್ಟರ ನೋಡ್ರಿ."

ನಾನು ಕಣ್ತುಂಬ ನೋಡಿದೆ, ದಡಿಯನ್ನೂ, ಹೊರಗೆ ಕಟ್ಟೆಯ ಮೇಲೆ ಕೂತವನನ್ನೂ.